ನಾಲ್ಕು ಮಿಲಿಮೀಟರ್ ಸಂದಿ

ಕಳೆದ ಶ್ರಾವಣದಲ್ಲಿ, ಸಕಲೇಶಪುರದ ಹತ್ತಿರ, ನಮ್ಮ ಚಿಕ್ಕಮ್ಮ ಕಾಫಿ ಕಣದ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಆ ಮಳೆಗೆ ಪಾಚಿ ಕಟ್ಟದ ಕಲ್ಲು ನಮ್ಮ ಕಡೆ ಎಲ್ಲೂ ಸಿಗಲ್ಲ. ಪಾದ ಒಳಕ್ಕೆ ಮಡಚಿಕೊಂಡಿತು, ಮೈ ಇನ್ನೊಂದು ಕಡೆ ತಿರುಗಿತು, ಅಲ್ಲೇ ಕುಳಿತುಬಿಟ್ಟರು. ಹಾಸನಕ್ಕೆ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿದೆವು. ಕಣಕಾಲಿನ ಹೊರಗಡೆಯ ಸಣ್ಣ ಮೂಳೆಯಲ್ಲಿ ಓರೆಯಾಗಿ ಒಂದು ಕಪ್ಪು ಗೆರೆ. ಮುರಿದಿದೆ ಅಂತ ನನಗೂ ಗೊತ್ತಾಯಿತು. ಆದರೆ ಡಾಕ್ಟರು ಇನ್ನೊಂದು ಎಕ್ಸ್-ರೇ ಬರೆದರು. ಈ ಸಲ ಪೆಟ್ಟಾದ ಮಗ್ಗುಲಿಗೇ ಮಲಗಿಸಿ, ಪಾದ ಟೇಬಲ್ಲಿನ ಅಂಚಿನಿಂದಾಚೆ ಜೋತಾಡುವ ಹಾಗೆ ಇಟ್ಟು ತೆಗೆಯಬೇಕಂತೆ. ಚಿಕ್ಕಪ್ಪನಿಗೆ ರೇಗಿಹೋಯಿತು. "ಮುರಿದಿದೆ ಅಂತ ಗೊತ್ತಾಯ್ತಲ್ಲ ಡಾಕ್ಟ್ರೇ, ಇನ್ನೇನು ನೋಡೋದಿದೆ?"

ನೋಡುವುದೆಲ್ಲ ಇನ್ನೂ ಬಾಕಿ ಇತ್ತು. ಇದನ್ನು ಬರೆಯಲು ಕೂತಿರುವುದೇ ಅದಕ್ಕೆ. ಮೂಳೆ ಮುರಿದಿದೆಯೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಕಣಕಾಲಿನಲ್ಲಿ ಬೇರೆಯೇ ಇದೆ. ಮುರಿದ ಮೇಲೂ ಕೀಲು ತನ್ನ ಜಾಗದಲ್ಲಿ ನಿಲ್ಲುತ್ತದಾ? ಆಪರೇಷನ್ ಬೇಕೋ, ಪ್ಲಾಸ್ಟರ್ ಪಟ್ಟಿ ಸಾಕೋ ಅನ್ನುವುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ನಿಮ್ಮ ಕಾಲನ್ನೇ ಮುಟ್ಟಿ ನೋಡಿ. ಎರಡೂ ಕಡೆ ಗಂಟು ಸಿಗುತ್ತವೆ, ಅಲ್ವಾ? ಒಳಗಿನದು ಟಿಬಿಯಾ ಅನ್ನುವ ದೊಡ್ಡ ಮೂಳೆಯ ತುದಿ. ಹೊರಗಿನದು ಫಿಬ್ಯುಲಾ ಅನ್ನುವ ಸಣ್ಣ ಮೂಳೆಯದು, ಅದು ಸ್ವಲ್ಪ ಕೆಳಗೂ ಇದೆ. ಈ ಎರಡರ ಮಧ್ಯೆ, ಬಡಗಿ ಮರಕ್ಕೆ ಕಚ್ಚು ಹಾಕಿ ಇನ್ನೊಂದು ತುಂಡು ಕೂರಿಸಿದ ಹಾಗೆ, ಟೇಲಸ್ ಅನ್ನುವ ಮೂಳೆ ಕೂತಿದೆ. ಈ ಟೇಲಸ್ಸಿಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದನ್ನು ಜಾಗದಲ್ಲಿ ಇಟ್ಟಿರುವುದು ಸುತ್ತಲಿನ ಮೂಳೆಗಳ ಆಕಾರ ಮತ್ತು ಲಿಗಮೆಂಟುಗಳೆಂಬ ನಾರಿನ ಪಟ್ಟಿಗಳು.

ಒಂದು ಕಬ್ಬಿಣದ ಬಳೆ ತೆಗೆದುಕೊಳ್ಳಿ. ಒಂದು ಕಡೆ ಕೊಯ್ದರೆ ಆಕಾರ ಹಾಗೇ ಇರುತ್ತದೆ. ಎರಡು ಕಡೆ ಕೊಯ್ದರೆ ತುಂಡು ಕೈಗೆ ಬರುತ್ತದೆ. ಕಣಕಾಲೂ ಇಂಥ ಬಳೆಯೇ, ಆದರೆ ಅರ್ಧ ಮೂಳೆ, ಅರ್ಧ ನಾರು. ಹೊರಗಿನ ಮೂಳೆ ಒಂದೇ ಮುರಿದು, ಒಳಗಡೆಯ ಡೆಲ್ಟಾಯ್ಡ್ ಅನ್ನುವ ಗಟ್ಟಿ ಲಿಗಮೆಂಟ್ ಚೆನ್ನಾಗಿದ್ದರೆ ಟೇಲಸ್ ಕದಲುವುದಿಲ್ಲ. ಅದೂ ಹರಿದಿದ್ದರೆ ಟೇಲಸ್ ಹೊರಕ್ಕೆ ಸರಿಯುತ್ತದೆ. ತೋಟದ ಗೇಟಿನ ಒಂದು ಕಂಬ ವಾಲಿದರೂ ಆಚೆ ಕಡೆಯಿಂದ ಎಳೆದು ಕಟ್ಟಿದ ತಂತಿ ಬಿಗಿಯಾಗಿದ್ದರೆ ಗೇಟು ನಿಲ್ಲುತ್ತದೆ, ತಂತಿ ಕಿತ್ತರೆ ಬೀಳುತ್ತದೆ. ಕಷ್ಟ ಏನೆಂದರೆ ಎಕ್ಸ್-ರೇಯಲ್ಲಿ ತಂತಿ ಕಾಣುವುದಿಲ್ಲ. ಬರೀ ಕಂಬ ಕಾಣುತ್ತದೆ. ಲಿಗಮೆಂಟಿನ ಮೂಲಕ ಕಿರಣಗಳು ಸಲೀಸಾಗಿ ದಾಟಿಹೋಗುತ್ತವೆ.

ಹಾಗಾದರೆ ಕಾಣದೇ ಇರುವುದನ್ನು ನೋಡುವುದು ಹೇಗೆ? ಸಂದಿ ಅಳೆದು. ಪಾದವನ್ನು ಒಳಕ್ಕೆ 15ರಿಂದ 20 ಡಿಗ್ರಿ ತಿರುಗಿಸಿ ತೆಗೆದರೆ ಫಿಬ್ಯುಲಾದ ನೆರಳು ಟೇಲಸ್ ಮೇಲೆ ಬೀಳುವುದಿಲ್ಲ. ಬಾಗಿಲ ಸಂದಿಗೆ ನೇರ ಕಣ್ಣಿಟ್ಟ ಹಾಗೆ, ಟೇಲಸ್ಸಿನ ಮೇಲೆ, ಎಡಕ್ಕೆ, ಬಲಕ್ಕೆ ಒಂದೇ ಸಮನಾದ ಕಪ್ಪು ಸಂದಿ ಕಾಣುತ್ತದೆ. ಅದು ಖಾಲಿ ಜಾಗ ಅಲ್ಲ. ಅಲ್ಲಿ ಮೃದು ಎಲುಬಿನ ಹೊದಿಕೆ ಇದೆ, ಎಕ್ಸ್-ರೇಗೆ ಅದೂ ಕಾಣುವುದಿಲ್ಲ. ಒಳಗಡೆಯ ಸಂದಿ ಸುಮಾರು 4 ಮಿಲಿಮೀಟರ್ ಒಳಗಿದ್ದು, ಮೇಲಿನ ಸಂದಿಗಿಂತ ಜಾಸ್ತಿ ಇಲ್ಲದಿದ್ದರೆ ಸಮಾಧಾನ. ಅದಕ್ಕಿಂತ ಅಗಲವಾದರೆ ಡೆಲ್ಟಾಯ್ಡ್ ಮೇಲೆ ಅನುಮಾನ.

ಒಂದೆರಡು ಮಿಲಿಮೀಟರಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. 1976ರಲ್ಲಿ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ದೇಹದಿಂದ ಬಿಡಿಸಿದ 23 ಕಣಕಾಲಿನ ಕೀಲುಗಳಿಗೆ ಕಾಡಿಗೆಯಂಥ ಇಂಗಾಲದ ಪುಡಿ ಬಳಿದು ಒತ್ತಿದರು. ಹೆಬ್ಬೆಟ್ಟು ಒತ್ತಿದರೆ ಮಸಿ ಎಲ್ಲಿ ತಾಗಿತು ಅಂತ ಕಾಗದ ಹೇಳುತ್ತದಲ್ಲ, ಹಾಗೇ ಮೂಳೆಗೆ ಮೂಳೆ ಎಲ್ಲೆಲ್ಲಿ ತಾಗಿತು ಅಂತ ಗುರುತು ಬಿತ್ತು. ಟೇಲಸ್ಸನ್ನು ಬರೀ 1 ಮಿಲಿಮೀಟರ್ ಹೊರಕ್ಕೆ ಸರಿಸಿದಾಗ ತಾಗುವ ಜಾಗ ಸರಾಸರಿ 42 ಶೇಕಡಾ ಕಡಿಮೆಯಾಯಿತು! ಅದೇ ಮೈಭಾರ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಜಾಗದ ಮೇಲೆ ಬಿದ್ದರೆ ಆ ಹೊದಿಕೆ ಎಷ್ಟು ವರ್ಷ ಬಾಳಿಕೆ ಬಂದೀತು? ಕೂಡುವುದೇನೋ ಮೂಳೆ ಕೂಡುತ್ತದೆ. ಸರಿದ ಜಾಗದಲ್ಲಿ ಕೂಡಿದರೆ ಮುಂದೆ ಕೀಲು ಸವೆದು ನೋವು ಗಟ್ಟಿಯಾಗಿ ಉಳಿಯುತ್ತದೆ.

ಈ ಲೆಕ್ಕ ಎಕ್ಸ್-ರೇಗಿಂತ ಹಳೆಯದು. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1756ರಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಅಲುಗಾಡಿದರೆ ಕೆಡುತ್ತದೆ ಅಂತ ಬಿದ್ದ ಜಾಗದಲ್ಲೇ ಒಂದು ಬಾಗಿಲ ಹಲಗೆ ಕೊಂಡುಕೊಂಡು ಅದರ ಮೇಲೆ ಹೊರಿಸಿಕೊಂಡು ಹೋದ. ಆಮೇಲೆ ಕಣಕಾಲಿನ ಬಗ್ಗೆ ಬರೆದಾಗ, ಹೊರಗೆ ಫಿಬ್ಯುಲಾ ಮುರಿದು ಒಳಗೆ ಲಿಗಮೆಂಟ್ ಹರಿದರೆ ಪಾದ ಹೊರಕ್ಕೆ ಸರಿಯುವುದನ್ನು ವಿವರಿಸಿದ. ರಾಂಟ್‌ಗೆನ್ ಎಕ್ಸ್-ರೇ ಕಂಡದ್ದು 1895ರ ನವೆಂಬರಿನಲ್ಲಿ. ಪಾಟ್ ಬರೆದದ್ದು ಅದಕ್ಕಿಂತ ನೂರಿಪ್ಪತ್ತು ವರ್ಷಕ್ಕೂ ಮುಂಚೆ! 1950ರ ಸುಮಾರಿಗೆ ಡೆನ್ಮಾರ್ಕಿನ ಲೌಗೆ-ಹ್ಯಾನ್ಸೆನ್, ಜೀವವಿಲ್ಲದ ಕಾಲುಗಳನ್ನು ಬೇಕಂತಲೇ ತಿರುಚಿ ಮುರಿದು, ಯಾವುದು ಮೊದಲು ಹೋಗುತ್ತದೆ, ಯಾವುದು ಆಮೇಲೆ ಅಂತ ಸಾಲು ಹಚ್ಚಿದ. ಚಿಕ್ಕಮ್ಮನ ಥರ ಪಾದ ಒಳಕ್ಕೆ ಮಡಚಿ ಹೊರಕ್ಕೆ ತಿರುಗಿದರೆ, ಮೊದಲು ಎರಡು ಮೂಳೆಗಳನ್ನು ಮುಂದೆ ಹಿಡಿದ ಲಿಗಮೆಂಟ್, ಆಮೇಲೆ ಫಿಬ್ಯುಲಾ, ಆಮೇಲೆ ಹಿಂಭಾಗ, ಕಟ್ಟಕಡೆಗೆ ಒಳಗಡೆ. ತಿರುಚಿದ ಬಲ ಎರಡನೇ ಮೆಟ್ಟಿಲಲ್ಲಿ ನಿಂತಿತಾ, ನಾಲ್ಕನೆಯದಕ್ಕೂ ಹೋಯಿತಾ? ಮುರಿದ ಗೆರೆ ಎರಡರಲ್ಲೂ ಒಂದೇ ಥರ ಕಾಣಬಹುದು.

ಅದಕ್ಕೇ ಪಾದವನ್ನು ಜೋತುಬಿಟ್ಟು ತೆಗೆಯುವುದು. ಮಲಗಿದ ಕಾಲಿನ ಚಿತ್ರ ಬರೀ ಆಕಾರ ಹೇಳುತ್ತದೆ, ನಡತೆ ಹೇಳುವುದಿಲ್ಲ. ಕುರ್ಚಿಯ ಕಾಲು ಸಡಿಲವೋ ಗಟ್ಟಿಯೋ ಅಂತ ಫೋಟೋ ನೋಡಿ ಹೇಳಲಾದೀತಾ? ಅಲುಗಾಡಿಸಬೇಕು. ಇಲ್ಲಿ ಪಾದದ ತೂಕವೇ ಟೇಲಸ್ಸನ್ನು ಹೊರಕ್ಕೆ ಎಳೆಯುತ್ತದೆ. ಡೆಲ್ಟಾಯ್ಡ್ ಹರಿದಿದ್ದರೆ ಸಂದಿ ಬಾಯಿ ಬಿಡುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಟೇಲಸ್ಸಿನ ಮುಂಭಾಗ ಅಗಲ, ಹಿಂಭಾಗ ಕಿರಿದು. ಬೆರಳು ಕೆಳಕ್ಕೆ ಚಾಚಿದರೆ ಕಿರಿದಾದ ಭಾಗ ಕಚ್ಚಿನೊಳಗೆ ಬಂದು, ಬೆಣೆ ಹಿಂದೆ ಜಾರಿದ ಹಾಗೆ ಸಡಿಲವಾಗುತ್ತದೆ. ಆಗ ಏನೂ ಹರಿಯದಿದ್ದರೂ ಸಂದಿ ಜಾಸ್ತಿ ಕಾಣಬಹುದು. ಅದಕ್ಕೆ ಪಾದವನ್ನು ಕಾಲಿಗೆ ಲಂಬವಾಗಿ ಹಿಡಿಯಬೇಕು. ಟೆಕ್ನಿಷಿಯನ್ ಹುಡುಗ ಮೂರು ಸಲ "ಬೆರಳು ಮೇಲಕ್ಕೆ ಎತ್ತಿ ಅಮ್ಮ" ಅಂದದ್ದು ಸುಮ್ನೆ ಅಲ್ಲ.

ಚಿಕ್ಕಮ್ಮನ ಎರಡನೇ ಚಿತ್ರದಲ್ಲಿ ಸಂದಿ 5 ಮಿಲಿಮೀಟರ್ ದಾಟಿತ್ತು. ಆಪರೇಷನ್ನೇ ಅಂದುಕೊಂಡೆವು. ಡಾಕ್ಟರು ಪಟ್ಟಿ ಹಾಕಿ, ವಾರ ಬಿಟ್ಟು ನಿಲ್ಲಿಸಿ ಎಕ್ಸ್-ರೇ ತೆಗೆಯೋಣ ಅಂದರು. ಮುರಿದ ಕಾಲಿನ ಮೇಲೆ ನಿಲ್ಲಿಸುವುದಾ! ಇಲ್ಲೇ ಈ ವಿಷಯದ ಅತಿ ಸೊಗಸಾದ ತಿರುವು ಇರುವುದು.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ 42 ಅಡಿಯ ಕಲ್ಲುಕಂಬ ಇದೆಯಲ್ಲ, ಜಗಲಿಯ ಮೇಲೆ ಬರೀ ಇಟ್ಟ ಹಾಗೆ ನಿಂತಿದೆ, ಅಡಿಯಲ್ಲಿ ಕಾಗದ ತೂರಿಸಿ ಜನ ಪವಾಡ ಅನ್ನುತ್ತಾರೆ. ಪವಾಡ ಏನಿಲ್ಲ, ಅದರ ಭಾರ ನೇರ ಕೆಳಕ್ಕೆ ಬೀಳುತ್ತದೆ, ಆ ಭಾರವೇ ಅದನ್ನು ಹಿಡಿದಿದೆ. ಕಣಕಾಲಿನಲ್ಲಿ ಇನ್ನೂ ಚೆಂದ. ಟೇಲಸ್ಸಿನ ತಲೆ ಉಬ್ಬು, ಟಿಬಿಯಾದ ತಳ ತಗ್ಗು. ಒರಳು ಮತ್ತು ಗುಂಡನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ. ನಿಂತಾಗ ಮೈಭಾರ ಆ ತಗ್ಗನ್ನು ಉಬ್ಬಿನ ಮೇಲೆ ಒತ್ತಿ ಕೂರಿಸುತ್ತದೆ. ಜೋತಾಡಿದಾಗ ಸರಿದ ಟೇಲಸ್, ಡೆಲ್ಟಾಯ್ಡ್ ಪೂರ್ತಿ ಹರಿಯದೆ ಒಂದಿಷ್ಟು ಉಳಿದಿದ್ದರೆ, ನಿಂತಾಗ ಜಾಗಕ್ಕೆ ಬಂದು ಕೂರುವುದುಂಟು. ನಾವು ಬದುಕುವುದು ಕಾಲು ಜೋತುಬಿಟ್ಟುಕೊಂಡಲ್ಲ, ನಿಂತು ನಡೆದು. ಹಾಗಾಗಿ ಈಚಿನ ವರ್ಷಗಳಲ್ಲಿ ತುಂಬಾ ವೈದ್ಯರು ನಿಂತ ಚಿತ್ರವನ್ನೇ ಜಾಸ್ತಿ ನಂಬುತ್ತಿದ್ದಾರೆ. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಯಾರನ್ನು, ಯಾವಾಗ ನಿಲ್ಲಿಸಬಹುದು ಅಂತ ವೈದ್ಯರೇ ಹೇಳಬೇಕು.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸುವ ಮಾತು: "ನಡೆಯೋಕೆ ಆಗುತ್ತಲ್ಲ, ಮುರಿದಿರಲ್ಲ, ಕಟ್ಟು ಹಾಕಿಸಿದರೆ ಸಾಕು." ಮೈಭಾರದ ಹೆಚ್ಚಿನ ಪಾಲು ಹೊರುವುದು ಟಿಬಿಯಾ. ಫಿಬ್ಯುಲಾ ಮುರಿದೂ ಕುಂಟುತ್ತಾ ನಡೆಯುವವರಿದ್ದಾರೆ. ಮೊಟ್ಟೆ, ಉದ್ದಿನ ಹಿಟ್ಟು ಬಳಿದು ಬಿದಿರ ದಬ್ಬೆ ಕಟ್ಟುವವರ ಬೆರಳಿಗೆ ದೊಡ್ಡ ಮೂಳೆಯ ತುಂಡು ಸಿಗಬಹುದು, 2 ಮಿಲಿಮೀಟರ್ ಸರಿದ ಟೇಲಸ್ ಯಾರ ಬೆರಳಿಗೂ ಸಿಗುವುದಿಲ್ಲ. ಊದುತ್ತಿರುವ ಕಾಲಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಪಾದವೇ ಹೋಗಬಹುದು. ಮೂರು ಸಲ ಎಕ್ಸ್-ರೇ ಅಂತ ಹೆದರುವವರಿಗೆ ಒಂದು ಮಾತು. ಕಣಕಾಲಿನ ಎಕ್ಸ್-ರೇಯಿಂದ ಮೈಗೆ ಸಿಗುವ ವಿಕಿರಣ, ಒಂದು ದಿನ ಮನೆಯಲ್ಲಿ ಸುಮ್ನೆ ಕೂತರೂ ಮಣ್ಣು, ಗಾಳಿ, ಆಕಾಶದಿಂದ ಸಿಗುವುದಕ್ಕಿಂತ ಕಡಿಮೆ.

ಹಾಗೇ ಮೊಣಕಾಲಿನ ಕೆಳಗೂ ಒತ್ತಿ ನೋಡಲು ಹೇಳಿ. ಕಣಕಾಲು ತಿರುಚಿದ ಬಲ ಮೇಲಕ್ಕೆ ಓಡಿ ಫಿಬ್ಯುಲಾ ಅಲ್ಲಿ ಮುರಿಯುವುದುಂಟು. 1840ರಲ್ಲಿ ಫ್ರಾನ್ಸಿನ ಮೇಸನವ್ ವಿವರಿಸಿದ್ದು ಇದನ್ನೇ. ಬರೀ ಪಾದದ ಎಕ್ಸ್-ರೇ ತೆಗೆದರೆ ಕಣ್ಣು ತಪ್ಪಿಹೋಗುತ್ತದೆ.

ಹತ್ತನೇ ದಿನ ಚಿಕ್ಕಮ್ಮನನ್ನು ನಿಲ್ಲಿಸಿ ತೆಗೆದರು. ಒಂದು ಕೈ ಗೋಡೆಗೆ, ಇನ್ನೊಂದು ನನ್ನ ಹೆಗಲಿಗೆ. ಚಿತ್ರ ಬೀಳುವಾಗ ಮಾತ್ರ ನಾನು ಆಚೆ ನಿಂತೆ. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆವು. ಮುರಿದ ಗೆರೆ ಹಾಗೇ ಇತ್ತು, ಒಳಗಿನ ಸಂದಿ ಮೇಲಿನ ಸಂದಿಯಷ್ಟೇ ಇತ್ತು. ಪ್ಲೇಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಎಷ್ಟು ವಾರ ಪಟ್ಟಿ ಅಂತ ಕೇಳಿದ್ದಕ್ಕೆ ಡಾಕ್ಟರು ಫಿನ್‌ಲ್ಯಾಂಡಿನ ಒಂದು ಅಧ್ಯಯನದ ಮಾತು ತೆಗೆದರು. 247 ಜನರ ಮೇಲೆ ನಡೆದದ್ದು, 2019ರಲ್ಲಿ ಪ್ರಕಟವಾದದ್ದು. ಇಂಥ ಸ್ಥಿರವಾದ ಮುರಿತಕ್ಕೆ ಮೂರು ವಾರದ ಪಟ್ಟಿಯೂ ಆರು ವಾರದ್ದಕ್ಕೆ ಸಮ ಅಂತ ಅದರಲ್ಲಿ ಕಂಡಿತ್ತು. ಆದರೆ ಚಿಕ್ಕಮ್ಮನದು ಜೋತುಬಿಟ್ಟಾಗ ಸಂದಿ ಬಿಟ್ಟ ಕಾಲು, ಅದಕ್ಕೆ ಆರು ವಾರ, ನಡುವೆ ಮತ್ತೊಂದು ನಿಂತ ಎಕ್ಸ್-ರೇ.

ಅರೇಬಿಕಾ ಕೊಯ್ಲಿಗೆ ಅವರು ಕಣದಲ್ಲಿದ್ದರು. ಮೆಟ್ಟಿಲುಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಪಕ್ಕಕ್ಕೆ ಒಂದು ಕಬ್ಬಿಣದ ಪೈಪು ನೆಡಿಸಿದ್ದಾರೆ.