ಕನೆಕ್ಷನ್ ಕಡಿದದ್ದು ಯಾರು?

ವೆಬ್‌ಸಾಕೆಟ್ ಮೂಲಕ, ಅಂದರೆ ಎರಡೂ ಕಡೆಯಿಂದ ಮೆಸೇಜ್ ಕಳಿಸಲು ತೆರೆದೇ ಇರುವ ಕನೆಕ್ಷನ್ ಮೂಲಕ, ಸರ್ವರ್ ಜೊತೆ ಮಾತಾಡುತ್ತ ತಿಂಗಳುಗಟ್ಟಲೆ ತಂಟೆಯಿಲ್ಲದೆ ಓಡುತ್ತಿದ್ದ ಪ್ರೋಗ್ರಾಂ. ಒಂದು ಬೆಳಗ್ಗೆ ಲಾಗ್ ತೆರೆದರೆ ಬರೀ ಇಷ್ಟೇ: ಕನೆಕ್ಟ್ ಆಯಿತು, ಕಡಿಯಿತು, ಕನೆಕ್ಟ್ ಆಯಿತು, ಕಡಿಯಿತು. ಜೊತೆಗಿದ್ದವರೆಲ್ಲ ನೆಟ್‌ವರ್ಕನ್ನು ಬೈದರು. ನಾನು ಕ್ಲೋಸ್ ಕೋಡ್, ಅಂದರೆ ಕನೆಕ್ಷನ್ ಯಾಕೆ ಮುಗಿಯಿತೆಂದು ಹೇಳುವ ಸಂಖ್ಯೆ, ಹುಡುಕಿದೆ. 1009, ಅಂದರೆ ಮೆಸೇಜ್ ತೀರಾ ದೊಡ್ಡದು. ಕಡಿದದ್ದು ನಮ್ಮದೇ ಕ್ಲೈಂಟ್, ಅಂದರೆ ಸರ್ವರಿಗೆ ಕನೆಕ್ಟ್ ಆಗುವ ನಮ್ಮ ಪ್ರೋಗ್ರಾಂ.

ಪೈಥಾನ್‌ನ ವೆಬ್‌ಸಾಕೆಟ್ಸ್ ಲೈಬ್ರರಿಯಲ್ಲಿ ಒಳಬರುವ ಮೆಸೇಜಿಗೆ ಡೀಫಾಲ್ಟ್ ಮಿತಿ 1 ಎಂಬಿ, ಲೆಕ್ಕವಾಗಿ ಹೇಳಿದರೆ 10,48,576 ಬೈಟ್. ಕನೆಕ್ಟ್ ಆದ ಕೂಡಲೇ ಸರ್ವರ್ ಕಳಿಸುತ್ತಿದ್ದ ಪೂರ್ತಿ ಪಟ್ಟಿ ದಿನೇದಿನೇ ಬೆಳೆದು ಅವತ್ತು ಆ ಗೆರೆ ದಾಟಿತ್ತು. ನಮ್ಮ ರೀಕನೆಕ್ಟ್ ಕೋಡ್ ಪಾಪ, ಮತ್ತೆ ಅದೇ ಪಟ್ಟಿ ತರಿಸಿಕೊಂಡು ಮತ್ತೆ ಮುಗ್ಗರಿಸುತ್ತಿತ್ತು.

ಮಿತಿಯನ್ನೇ ತೆಗೆದುಬಿಡೋಣ ಎಂದರೊಬ್ಬರು. ಲೈಬ್ರರಿ ಅದಕ್ಕೆ ಒಪ್ಪುತ್ತದೆ, ನಾನು ಒಪ್ಪಲಿಲ್ಲ. ಕಂಪ್ರೆಸ್ ಆಗಿ ಬಂದ ಪುಟ್ಟ ಮೆಸೇಜ್ ಬಿಚ್ಚಿದಾಗ ನೂರಾರು ಪಟ್ಟು ಹಿಗ್ಗಬಲ್ಲದು. ಈ ಲೈಬ್ರರಿ ಅಳೆಯುವುದು ಬಿಚ್ಚಿದ ಮೇಲಿನ ಗಾತ್ರವನ್ನು. ಆ ಕಾವಲೂ ಹೋದರೆ ಮೆಮೊರಿಗೆ ದೇವರೇ ಗತಿ. ಪಟ್ಟಿ ಎಷ್ಟು ದೊಡ್ಡದಾಗಬಹುದೆಂದು ಸರ್ವರ್ ಕಡೆಯವರನ್ನು ಕೇಳಿ 4 ಎಂಬಿ ಇಟ್ಟೆವು. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಡಬ್ಲ್ಯುಎಸ್ (ws) ಲೈಬ್ರರಿಯ ಡೀಫಾಲ್ಟ್ 100 ಎಂಬಿ. ನನ್ನ ಮಟ್ಟಿಗೆ ಅದು ಅತಿ ಧಾರಾಳ.

ಟೈಮ್‌ಔಟ್ ವಿಷಯದಲ್ಲೂ ಮೊದಲ ಪ್ರಶ್ನೆ ಅದೇ: ಕಡಿದದ್ದು ಯಾರು? ಕೋಡ್ 1006 ಆಗಿದ್ದರೆ ಅದನ್ನು ಯಾರೂ ಕಳಿಸಿದ್ದಲ್ಲ. ಕನೆಕ್ಷನ್ ಮುಗಿಸುತ್ತಿದ್ದೇನೆ ಎಂದು ತಿಳಿಸುವ ಕ್ಲೋಸ್ ಫ್ರೇಮೇ ಬರದಿದ್ದಾಗ ನಿಮ್ಮ ಲೈಬ್ರರಿ ತಾನೇ ಬರೆದುಕೊಳ್ಳುವ ಸಂಖ್ಯೆ. ಸುಮ್ಮನಿದ್ದ ಕನೆಕ್ಷನ್ ಪ್ರತಿ ಸಲ ಸರಿಯಾಗಿ 60ನೇ ಸೆಕೆಂಡಿಗೆ ಬೀಳುತ್ತಿದ್ದರೆ ನಡುವೆ ನಿಂತು ಮೆಸೇಜ್ ದಾಟಿಸುವ ಪ್ರಾಕ್ಸಿಯನ್ನು ನೋಡಿ. ಅಂಥ ಪ್ರಾಕ್ಸಿಯಾದ ಎಂಜಿನ್ಎಕ್ಸ್‌ನ ರೀಡ್ ಟೈಮ್‌ಔಟ್ ಡೀಫಾಲ್ಟ್ ಅಷ್ಟೇ ಇದೆ. ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ ಪಿಂಗ್, ಅದರ ಉತ್ತರ ಪಾಂಗ್. ಪಿಂಗ್ ಅಂತರ ಆ 60 ಸೆಕೆಂಡಿಗಿಂತ ಕಡಿಮೆ ಇರಬೇಕು. ಪೈಥಾನ್ ಲೈಬ್ರರಿ 20 ಸೆಕೆಂಡಿಗೊಮ್ಮೆ ತಾನೇ ಪಿಂಗ್ ಕಳಿಸಿ, ಪಾಂಗ್‌ಗೆ ಇನ್ನೂ 20 ಸೆಕೆಂಡ್ ಕಾಯುತ್ತದೆ. ಡಬ್ಲ್ಯುಎಸ್‌ನಲ್ಲಿ ಆ ಕೆಲಸ ನೀವೇ ಮಾಡಬೇಕು.

ಪಿಂಗ್ ಟೈಮ್‌ಔಟ್ ಎಂದು 1011 ಬಂದಾಗ ಮಾತ್ರ ನಾನು ಮೊದಲು ಅನುಮಾನಿಸುವುದು ನಮ್ಮದೇ ಕೋಡನ್ನು. ಬಂದ ಕೆಲಸಗಳನ್ನು ಒಂದೊಂದಾಗಿ ನಡೆಸುವ ಈವೆಂಟ್ ಲೂಪಿನ ಒಳಗೇ ಯಾರೋ ಅರ್ಧ ನಿಮಿಷದ ಲೆಕ್ಕಾಚಾರ ಕೂರಿಸಿರುತ್ತಾರೆ. ಪಾಂಗ್ ಬಂದು ಬಾಗಿಲಲ್ಲಿ ನಿಂತಿರುತ್ತದೆ, ತೆಗೆಯಲು ಕೈ ಬಿಡುವಿಲ್ಲ. ಅಲ್ಲಿ ಟೈಮ್‌ಔಟ್ ಹಿಗ್ಗಿಸಬೇಡಿ, ಲೆಕ್ಕಾಚಾರವನ್ನು ಬೇರೆ ಥ್ರೆಡ್ಡಿಗೆ ಸಾಗಿಸಿ.

ಬ್ರೌಸರಿನಲ್ಲಿ ಈ ಯಾವ ಗುಂಡಿಯೂ ನಮ್ಮ ಕೈಗಿಲ್ಲ. ಜಾವಾಸ್ಕ್ರಿಪ್ಟಿಗೆ ಪಿಂಗ್ ಕಳಿಸುವ ದಾರಿಯೇ ಇಲ್ಲದ್ದರಿಂದ ಅಲ್ಲಿ ಸರ್ವರೇ ಪಿಂಗ್ ಮಾಡಬೇಕು, ಇಲ್ಲವೇ ನೀವೇ ಒಂದು ಪುಟ್ಟ ಸಾಮಾನ್ಯ ಮೆಸೇಜನ್ನು ಆಗಾಗ ಕಳಿಸುತ್ತಿರಬೇಕು.