ಬಿ.ಕಾಂ. ಮೂರು ವರ್ಷನಾ, ನಾಲ್ಕು ವರ್ಷನಾ?

ಅಡ್ಮಿಷನ್ ಸಮಯದಲ್ಲಿ ಕಾಲೇಜಿನ ಕೌಂಟರ್ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ಈ ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಮೊನ್ನೆ ಒಬ್ಬ ತಂದೆ ಬಂದಿದ್ದರು. ದೊಡ್ಡ ಮಗಳು 2022ರಲ್ಲಿ ಬಿ.ಕಾಂ. ಸೇರಿದವಳು, ಚಿಕ್ಕವನು 2024ರಲ್ಲಿ. "ಅಕ್ಕನ ಪುಸ್ತಕ ಇದೆಯಲ್ಲ, ತಮ್ಮನಿಗೂ ಆಗುತ್ತೆ ಅಂದ್ಕೊಂಡಿದ್ದೆ ಸಾರ್" ಅಂದರು. ಲೆಕ್ಕಗಳೇನೋ ಆಗುತ್ತವೆ. ಆದರೆ ಅಕ್ಕ ಬರೆದದ್ದು 60 ಅಂಕದ ಪೇಪರ್, ತಮ್ಮ ಬರೆಯಬೇಕಾದದ್ದು 80 ಅಂಕದ್ದು. ಅಕ್ಕನಿಗೆ ನಾಲ್ಕನೇ ವರ್ಷ ಓದುವ ಅವಕಾಶ ಇತ್ತು, ತಮ್ಮನಿಗೆ ಇಲ್ಲ. ಒಂದೇ ಮನೆ, ಒಂದೇ ಕಾಲೇಜು, ಹೆಸರೂ ಒಂದೇ ಬಿ.ಕಾಂ.

ಹೀಗಾಗಿದ್ದು ಹೇಗೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಜಾಸ್ತಿ ದೂರ ಬೇಡ.

ವಾಣಿಜ್ಯವನ್ನು ಕಾಲೇಜಿನಲ್ಲಿ ಕಲಿಸಬಹುದು ಅನ್ನುವ ಯೋಚನೆ ನಮ್ಮ ದೇಶದಲ್ಲಿ ಗಟ್ಟಿಯಾಗಿದ್ದು 1913ರಲ್ಲಿ, ಮುಂಬೈಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜು ಶುರುವಾದಾಗ. ಅದಕ್ಕೂ ಮೊದಲು ಲೆಕ್ಕ ಅಂದರೆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು ಕಿರ್ದಿ ಬರೆಯುತ್ತಾ ಕಲಿಯುವ ವಿದ್ಯೆ. ನಮ್ಮ ಕಡೆ ಬಿ.ಕಾಂ.ಗೆ ನಿಜವಾದ ಬೆಲೆ ಬಂದಿದ್ದು ಬ್ಯಾಂಕುಗಳಿಂದ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣವಾದವು. ಕಾರ್ಪೊರೇಷನ್, ವಿಜಯಾ 1980ರಲ್ಲಿ. ಬಿ.ಕಾಂ. ಮುಗಿಸು, ಬ್ಯಾಂಕ್ ಪರೀಕ್ಷೆ ಬರಿ ಅನ್ನೋದು ಮನೆಮನೆಯ ಮಾತಾಯಿತು. ಆ ನಾಲ್ಕರಲ್ಲಿ ಈಗ ಹೆಸರು ಉಳಿದಿರುವುದು ಕೆನರಾದ್ದು ಮಾತ್ರ. ಮಾತು ಇನ್ನೂ ನಿಂತಿಲ್ಲ.

ಆಗಿನ ಪದ್ಧತಿ ಸರಳ. ವರ್ಷವಿಡೀ ಪಾಠ, ಕೊನೆಗೆ ಒಂದು ಪರೀಕ್ಷೆ. ಹೋದರೆ ವರ್ಷವೇ ಹೋಯಿತು. ಆಮೇಲೆ ಸೆಮಿಸ್ಟರ್ ಬಂತು. ವರ್ಷಕ್ಕೆ ಎರಡು ಪರೀಕ್ಷೆ, ಮೂರು ವರ್ಷಕ್ಕೆ ಆರು ಸೆಮಿಸ್ಟರ್. ಅದರ ಹಿಂದೆಯೇ ಬಂದದ್ದು ಕ್ರೆಡಿಟ್ ಲೆಕ್ಕ, ಅಂದರೆ ಸಿಬಿಸಿಎಸ್. ಒಂದೊಂದು ವಿಶ್ವವಿದ್ಯಾಲಯ ಒಂದೊಂದು ವರ್ಷ ಹಿಡಿದುಕೊಂಡಿತು. ಕ್ರೆಡಿಟ್ ಅಂದರೆ ಗಾಬರಿ ಬೇಡ. ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಸೆಮಿಸ್ಟರಿಗೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್ ಆದರೆ ಎರಡು ಗಂಟೆಗೆ ಒಂದು. ನಾಲ್ಕು ಕ್ರೆಡಿಟ್‌ನ ಪೇಪರ್ ಅಂದರೆ ವಾರಕ್ಕೆ ನಾಲ್ಕು ಗಂಟೆ. ಅಷ್ಟೇ.

ಇಷ್ಟೆಲ್ಲ ಬದಲಾದರೂ ಒಳಗಿನ ಸರಕು ಹೆಚ್ಚು ಕಮ್ಮಿ ಅದೇ. ಮೊದಲ ವರ್ಷ ಫೈನಾನ್ಶಿಯಲ್ ಅಕೌಂಟಿಂಗ್, ಆಮೇಲೆ ಕಂಪನಿ ಲೆಕ್ಕ, ಕಾಸ್ಟಿಂಗ್, ಸ್ಟ್ಯಾಟಿಸ್ಟಿಕ್ಸ್, ವ್ಯಾಪಾರದ ಕಾನೂನು, ಕೊನೆಯ ವರ್ಷ ಆದಾಯ ತೆರಿಗೆ, ಆಡಿಟಿಂಗ್, ಮ್ಯಾನೇಜ್‌ಮೆಂಟ್ ಅಕೌಂಟಿಂಗ್. ಮೊದಲ ನಾಲ್ಕು ಸೆಮಿಸ್ಟರ್‌ನಲ್ಲಿ ಎರಡು ಭಾಷೆ. 75% ಹಾಜರಿ. ಇಂಟರ್ನಲ್ಸ್. ಪಿಯುಸಿಯಲ್ಲಿ ಹೆಬಾ, ಸೆಬಾ, ಸೀಬಾ, ಅಂದರೆ ಕಾಮರ್ಸ್ ವಿಷಯಗಳನ್ನು ಓದಿ ಬಂದವರಿಗೆ ಡೆಬಿಟ್, ಕ್ರೆಡಿಟ್ ಗೊತ್ತಿರುತ್ತದೆ. ಸೈನ್ಸ್‌ನಿಂದ ಬಂದವರು ಮೊದಲ ಮೂರು ವಾರ ಕಣ್ಣು ಕಣ್ಣು ಬಿಡುತ್ತಾರೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಅಂದರೆ ದುಡ್ಡು ಬಂತು ಅಂತ, ಇಲ್ಲಿ ಕ್ಯಾಶ್ ಬಂದರೆ ಡೆಬಿಟ್ ಅನ್ನುತ್ತಾರಲ್ಲ ಅಂತ ಕೇಳುತ್ತಾರೆ. ಒಳ್ಳೆ ಪ್ರಶ್ನೆ ಅದು. ಪಾಸ್‌ಬುಕ್ ಬ್ಯಾಂಕಿನ ಪುಸ್ತಕದ ನಕಲು, ನಮ್ಮ ದುಡ್ಡು ಅವರಿಗೆ ಸಾಲ. ಇದು ತಲೆಗೆ ಹೋದ ದಿನ ಅರ್ಧ ಅಕೌಂಟೆನ್ಸಿ ಬಂದ ಹಾಗೆ.

ಗೋಜಲು ಶುರುವಾಗಿದ್ದು 2021ರಲ್ಲಿ. ಕೇಂದ್ರದ ಹೊಸ ಶಿಕ್ಷಣ ನೀತಿ, ಅಂದರೆ ಎನ್‌ಇಪಿ, 2020ರ ಜುಲೈನಲ್ಲಿ ಒಪ್ಪಿಗೆ ಪಡೆದಿತ್ತು. ಅದನ್ನು ಮೊದಲು ಜಾರಿ ಮಾಡಿದ ರಾಜ್ಯ ನಮ್ಮದೇ. 2021ರ ಆಗಸ್ಟ್‌ನಲ್ಲಿ ಆದೇಶ ಬಂತು, ಅದೇ ಸಾಲಿನಿಂದ ಜಾರಿ. ಕೋವಿಡ್ ಇನ್ನೂ ಮುಗಿದಿರಲಿಲ್ಲ. ಕ್ಲಾಸ್ ಶುರುವಾದರೂ ಪುಸ್ತಕ ಇರಲಿಲ್ಲ, ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಸಿಲಬಸ್ ನೋಡಿಕೊಂಡೇ ಪಾಠ ಮಾಡಿದೆವು.

ಕಾಗದದ ಮೇಲೆ ಯೋಜನೆ ಚೆನ್ನಾಗಿಯೇ ಇತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ನಾಲ್ಕು ವರ್ಷ ಓದಿದವರಿಗೆ ಎಂ.ಕಾಂ. ಒಂದೇ ವರ್ಷ. 16 ವರ್ಷದ ಓದು ಕೇಳುವ ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರಿಗೂ ಅನುಕೂಲ. ಆದರೆ ನಮ್ಮಲ್ಲಿ ಬರುವ ಮಕ್ಕಳಲ್ಲಿ ಬಹಳಷ್ಟು ಜನ ಬೆಳಿಗ್ಗೆ ಪೇಪರ್ ಹಾಕಿ, ಸಂಜೆ ಅಂಗಡಿಯಲ್ಲಿ ಬಿಲ್ ಬರೆದು ಓದುವವರು. ಅವರಿಗೆ ನಾಲ್ಕನೇ ವರ್ಷ ಅಂದರೆ ಇನ್ನೊಂದು ವರ್ಷದ ಸಂಬಳ ಕೈತಪ್ಪಿತು ಅಂತಲೇ ಅರ್ಥ. ಎರಡು ವರ್ಷಕ್ಕೆ ಡಿಪ್ಲೊಮಾ ಕೊಡಿ ಅಂತ ಕೇಳಿಕೊಂಡು ಬಂದವರನ್ನು ನಾನಂತೂ ಕಂಡಿಲ್ಲ. ಕೆಲಸಕ್ಕೆ ಹೋದ ಕಡೆ "ಡಿಗ್ರಿ ಆಗಿದೆಯಾ" ಅಂತಷ್ಟೇ ಕೇಳುತ್ತಾರೆ.

ಪರೀಕ್ಷೆಗೆ 60, ಇಂಟರ್ನಲ್ಸ್‌ಗೆ 40 ಆಯಿತು. 40 ಅಂಕ ಕಾಲೇಜಿನ ಕೈಯಲ್ಲಿ ಅಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಮುಖ್ಯ ಪೇಪರ್‌ಗಳ ಜೊತೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಯೋಗ, ಕ್ರೀಡೆ, ಎನ್‌ಎಸ್‌ಎಸ್ ಎಲ್ಲ ಸೇರಿದವು. ಓಪನ್ ಎಲೆಕ್ಟಿವ್ ಅಂದರೆ ತನ್ನದಲ್ಲದ ವಿಭಾಗದ ಪೇಪರ್ ಓದುವುದು. ಸೈನ್ಸ್ ಮಕ್ಕಳು ನಮ್ಮಲ್ಲಿ ಬಂದು 'ಅಕೌಂಟಿಂಗ್ ಫಾರ್ ಎವರಿವನ್' ಓದಬಹುದಿತ್ತು. ಒಬ್ಬ ಕೆಮಿಸ್ಟ್ರಿ ಹುಡುಗ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗ ಬೆಂಚ್ ತಟ್ಟಿದ್ದು ಈಗಲೂ ನೆನಪಿದೆ. ಆ ಪೇಪರ್ ಹೋಗಿದ್ದಕ್ಕೆ ನನಗೆ ಬೇಜಾರಿದೆ. ಆದರೆ ಬಿ.ಕಾಂ. ಒಂದೇ ಇರುವ ತಾಲ್ಲೂಕು ಕಾಲೇಜಿನ ಮಕ್ಕಳು ಎಲ್ಲಿಗೆ ಹೋಗಬೇಕು? ಇದ್ದ ಮೇಷ್ಟ್ರುಗಳೇ ಏನೋ ಒಂದು ಹಂಚಿಕೊಂಡು ಪಾಠ ಮಾಡಿದರು.

ಇದರ ನಡುವೆ ಭಾಷೆಯ ಗಲಾಟೆ. ಡಿಗ್ರಿ ಓದುವ ಎಲ್ಲರೂ ಕನ್ನಡ ಕಲಿಯಬೇಕು ಅಂತ ಆದೇಶವಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಬಲವಂತ ಮಾಡುವಂತಿಲ್ಲ ಅಂತ ಮಧ್ಯಂತರ ಆದೇಶ ಬಂತು. ಟೈಮ್‌ಟೇಬಲ್ ಮತ್ತೆ ಬರೆದೆವು.

2023ರಲ್ಲಿ ಸರ್ಕಾರ ಬದಲಾಯಿತು. ರಾಜ್ಯಕ್ಕೆ ತನ್ನದೇ ಶಿಕ್ಷಣ ನೀತಿ (ಎಸ್‌ಇಪಿ) ಬೇಕು ಅಂತ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು: 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಡಿಗ್ರಿ. ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20. ಆಯೋಗದ ಅಂತಿಮ ವರದಿ ಬಂದಿದ್ದು 2025ರ ಆಗಸ್ಟ್‌ನಲ್ಲಿ, ಅಂದರೆ ಹೊಸ ಪದ್ಧತಿಯ ಮೊದಲ ಬ್ಯಾಚ್ ಎರಡನೇ ವರ್ಷಕ್ಕೆ ಕಾಲಿಡುವ ಹೊತ್ತಿಗೆ. ಮದುವೆ ಆದ ಮೇಲೆ ಜಾತಕ ನೋಡಿದ ಹಾಗೆ.

2021, 2022, 2023ರಲ್ಲಿ ಸೇರಿದ ಮೂರು ಬ್ಯಾಚ್‌ಗಳು ಮಾತ್ರ ಹಳೆಯದರಲ್ಲೇ ಮುಂದುವರಿದವು. ಬೇಕಾದವರು ನಾಲ್ಕನೇ ವರ್ಷ ಓದಬಹುದು. ಹೀಗಾಗಿ 2024-25ರಲ್ಲಿ ಒಂದೇ ಕಾರಿಡಾರ್‌ನಲ್ಲಿ ಮೊದಲ ವರ್ಷದವರು ಎಸ್‌ಇಪಿ, ಎರಡು ಮತ್ತು ಮೂರನೇ ವರ್ಷದವರು ಎನ್‌ಇಪಿ, ಹಳೆ ಬ್ಯಾಕ್‌ಲಾಗ್ ಕಟ್ಟಿದವರು ಸಿಬಿಸಿಎಸ್. ಆ ವರ್ಷ ಒಬ್ಬ ಹುಡುಗಿ ಅಳುತ್ತಾ ಬಂದಳು. ಕೈಗೆ ಬಂದ ಪ್ರಶ್ನೆಪತ್ರಿಕೆಯಲ್ಲಿ ವಿಷಯದ ಹೆಸರು ಸರಿ ಇತ್ತು, ಸ್ಕೀಮ್ ತಪ್ಪು. ಹತ್ತು ನಿಮಿಷ ಬರೆದ ಮೇಲೆ ಅವಳಿಗೆ ಗೊತ್ತಾಯಿತು. ಪತ್ರಿಕೆ ಬದಲಿಸಿ ಕೊಟ್ಟರು, ಹತ್ತು ನಿಮಿಷ ವಾಪಸ್ ಕೊಡಲಿಲ್ಲ.

ಪಕ್ಕದ ಬಿಬಿಎ ಕ್ಲಾಸಿನದು ಇನ್ನೊಂದು ಕಥೆ. ಮೊದಲು ಅದು ಬಿಬಿಎಂ ಆಗಿತ್ತು, ಹೆಸರು ಬದಲಾಗಿ ಬಿಬಿಎ ಆಯಿತು. 2024-25ರಿಂದ ಅದಕ್ಕೆ ಎಐಸಿಟಿಇ, ಅಂದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮತಿಯೂ ಬೇಕು. ಬಿ.ಕಾಂ.ಗೆ ಬೇಡ. ಒಂದೇ ಕಟ್ಟಡ, ಬಹುಪಾಲು ಅದೇ ಮೇಷ್ಟ್ರುಗಳು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ, ಸಿಎ ಮಾಡುವ ಮನಸ್ಸಿದ್ದರೆ ಬಿ.ಕಾಂ. ಅನ್ನುತ್ತೇನೆ. ಬಿ.ಕಾಂ.ನಲ್ಲಿ 55% ಬಂದರೆ ಸಿಎಯ ಮೊದಲ ಹಂತವಾದ ಫೌಂಡೇಷನ್ ಬರೆಯದೆ ನೇರವಾಗಿ ಎರಡನೇ ಹಂತ ಇಂಟರ್‌ಮೀಡಿಯೇಟ್‌ಗೆ ಸೇರಬಹುದು.

ಇಷ್ಟೆಲ್ಲ ಮಾತು ವರ್ಷದ ಲೆಕ್ಕದ ಮೇಲೇ ನಡೆಯಿತು ನೋಡಿ. ನನ್ನನ್ನು ಕೇಳಿದರೆ ಬಿ.ಕಾಂ.ನ ಪಾಠವನ್ನು ನಿಜವಾಗಿ ಬದಲಿಸಿದ್ದು ಶಿಕ್ಷಣ ನೀತಿಗಳಲ್ಲ, ಕಾನೂನುಗಳು. ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಎಡಕ್ಕೆ ಲಯಬಿಲಿಟಿ, ಬಲಕ್ಕೆ ಅಸೆಟ್ ಅಂತ ಬರೆಯುತ್ತಿದ್ದೆವು. 2011-12ರಿಂದ ಅದು ಮೇಲಿಂದ ಕೆಳಕ್ಕೆ ಬರೆಯುವ ನಮೂನೆಯಾಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ವ್ಯಾಟ್ ನೋಟ್ಸೆಲ್ಲ ರದ್ದಿಗೆ ಹೋಯಿತು. ಆದರೂ ಹಳೆ ಸಿಲಬಸ್‌ನ ರಿಪೀಟರ್‌ಗಳು ದೇಶದಲ್ಲಿ ಇಲ್ಲದ ತೆರಿಗೆಗೆ ಲೆಕ್ಕ ಹಾಕಿ ಪಾಸಾದರು. ಸಿಲಬಸ್ ಸಮಿತಿ ಸೇರಿ, ಒಪ್ಪಿ, ಅಚ್ಚಾಗಿ ಬರುವಷ್ಟರಲ್ಲಿ ಬಜೆಟ್ ಇನ್ನೆರಡು ಬಂದಿರುತ್ತದೆ.

ಈಗ ಮತ್ತೊಂದು ಬಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, 2026ರ ಏಪ್ರಿಲ್ 1ರಿಂದ ಜಾರಿ. ಬಿ.ಕಾಂ. ಮಾಡಿದವರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಒಂದು ಉತ್ತರ ಇದೆ: ಪ್ರೀವಿಯಸ್ ಇಯರ್‌ಗೂ (ದುಡಿದ ವರ್ಷ) ಅಸೆಸ್‌ಮೆಂಟ್ ಇಯರ್‌ಗೂ (ಅದಕ್ಕೆ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) ಏನು ವ್ಯತ್ಯಾಸ. ಎರಡು ಅಂಕಕ್ಕೆ ಖಾತ್ರಿ ಬರುವ ಪ್ರಶ್ನೆ. ಹೊಸ ಕಾಯ್ದೆಯಲ್ಲಿ ಆ ಎರಡೂ ಪದಗಳಿಲ್ಲ. ಟ್ಯಾಕ್ಸ್ ಇಯರ್ ಅಂತ ಒಂದೇ. ನನ್ನ ನೋಟ್ಸ್‌ನ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದು ಕ್ಲಾಸಿಗೆ ಹೋದೆ. ಬೋರ್ಡ್ ಮೇಲೆ ಹೊಸ ಪದ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ.

"ಸಾರ್, ಬ್ಯಾಕ್‌ಲಾಗ್ ಇರೋರು ಯಾವ ಆ್ಯಕ್ಟ್ ಬರೀಬೇಕು?"

ಸರ್ಕ್ಯುಲರ್ ಬಂದ ಮೇಲೆ ಹೇಳ್ತೀನಿ ಅಂದೆ.