ಮಂಡಿಗೆ ಇಂಜೆಕ್ಷನ್ ಆದ ಮೇಲೆ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಚಿಕ್ಕಮಗಳೂರಿನ ಮೂಳೆ ವೈದ್ಯರ ಮುಂದೆ ಕೂರುವವರಲ್ಲಿ ಮಂಡಿನೋವಿನವರು ಬಹಳ. ಇಳಿಜಾರು ತೋಟದಲ್ಲಿ ಹತ್ತಿ ಇಳಿದು ಸವೆದ ಮಂಡಿಗಳು. ಮಾತ್ರೆ, ವ್ಯಾಯಾಮಕ್ಕೆ ಬಗ್ಗದ ನೋವಿದ್ದರೆ ಕೆಲವರಿಗೆ ಕೀಲಿನೊಳಗೆ ಸ್ಟಿರಾಯ್ಡ್ (ಊತ, ನೋವು ಇಳಿಸುವ ಔಷಧಿ) ಇಂಜೆಕ್ಷನ್ ಕೊಡುತ್ತೇವೆ. ಅರ್ಧ ಗಂಟೆಯಲ್ಲಿ ಬಸ್ ಹತ್ತಿ ಊರಿಗೆ ಹೋಗಬಹುದು. ಎಡವಟ್ಟಾಗುವುದು ಮನೆಗೆ ಹೋದ ಮೇಲೆ.

"ಡಾಕ್ಟ್ರೇ, ನೋವು ಪೂರ್ತಿ ಹೋಯ್ತು, ನಾಳೆ ತೋಟಕ್ಕೆ ಹೋಗ್ಲಾ?" ಎಂದು ಕೇಳದವರೇ ಕಡಿಮೆ. ಬೇಡ. ಆ ಆರಾಮ ಸ್ಟಿರಾಯ್ಡಿನದ್ದಲ್ಲ, ಅದರ ಜೊತೆ ಬೆರೆಸಿದ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿಯದ್ದು. ಕೆಲವೇ ಗಂಟೆಗಳಲ್ಲಿ ಅದು ಇಳಿದುಹೋಗುತ್ತದೆ. ಸ್ಟಿರಾಯ್ಡ್ ಹಿಡಿಯಲು ಎರಡು ಮೂರು ದಿನ, ಕೆಲವರಿಗೆ ಒಂದು ವಾರ ಬೇಕು. ನಡುವಿನ ಒಂದೆರಡು ದಿನ ನೋವು ಮೊದಲಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಇದನ್ನು ಸೂಜಿ ಚುಚ್ಚುವ ಮೊದಲೇ ಹೇಳಬೇಕು. ಹೇಳದಿದ್ದರೆ ರಾತ್ರಿ ನೋವು ಮರುಕಳಿಸಿದಾಗ ಇಂಜೆಕ್ಷನ್ನೇ ಕೆಟ್ಟಿತು ಅಂದುಕೊಂಡು, ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸಿಕೊಳ್ಳುತ್ತಾರೆ. ನೀವುವುದೂ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು.

ಎರಡು ದಿನ ಮನೆಯೊಳಗೆ ಓಡಾಡಿ. ಭಾರ ಹೊರುವುದು, ಕುಕ್ಕರಗಾಲಲ್ಲಿ ಕೂರುವುದು, ಏರು ಹತ್ತುವುದು ನಿಲ್ಲಿಸಿ. ಚುಚ್ಚಿದ ಜಾಗಕ್ಕೆ ಒಂದು ದಿನ ನೀರು ತಾಗಿಸಬೇಡಿ. ನಮ್ಮ ಮಲೆನಾಡಿನವರಿಗೆ ಹಂಡೆ ಸ್ನಾನ ಬಿಡುವುದು ಕಷ್ಟ, ಗೊತ್ತು. ಆದರೂ ಒಂದು ದಿನ ತಡೆಯಿರಿ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ಮಂಡಿಗೆ ಹಾಕಿದ ಸ್ಟಿರಾಯ್ಡ್ ಸ್ವಲ್ಪ ರಕ್ತಕ್ಕೂ ಸೇರುತ್ತದೆ, ಕೆಲವು ದಿನ ಶುಗರ್ ಏರುತ್ತದೆ. ಆ ವಾರ ಹೆಚ್ಚು ಸಲ ಪರೀಕ್ಷಿಸಿಕೊಳ್ಳಿ. ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ, ನೀವಾಗಿಯೇ ಹೆಚ್ಚಿಸಲೂ ಬೇಡಿ. ತುಂಬಾ ಏರಿದ್ದರೆ ವೈದ್ಯರಿಗೆ ಫೋನ್ ಮಾಡಿ. ಮುಖ ಒಂದೆರಡು ದಿನ ಕೆಂಪಾಗಿ ಬಿಸಿಯಾದರೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಸೋಂಕಿಗೆ. ಅಪರೂಪ, ಆದರೆ ಕೀಲನ್ನೇ ಹಾಳುಮಾಡುತ್ತದೆ. ಮೂರನೇ ದಿನಕ್ಕೆ ಇಳಿಯಬೇಕಾದ ನೋವು ಏರುತ್ತಿದ್ದರೆ, ಮಂಡಿ ಊದಿ ಕೆಂಪಾಗಿ ಮುಟ್ಟಿದರೆ ಸುಡುತ್ತಿದ್ದರೆ, ಜ್ವರ, ಚಳಿ ಬಂದರೆ, ಕಾಲು ಊರಲಾಗದಿದ್ದರೆ ಅದೇ ದಿನ ಬನ್ನಿ. ಸಂತೆ ದಿನ ನೋಡಿಕೊಂಡು ಬರುತ್ತೇನೆ ಎನ್ನಬೇಡಿ. ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡು ನುಂಗಲೂ ಬೇಡಿ. ಕೀಲಿನ ನೀರು ತೆಗೆದು ಪರೀಕ್ಷೆ ಮಾಡುವ ಮೊದಲೇ ಮಾತ್ರೆ ಹೊಟ್ಟೆಗೆ ಹೋಗಿದ್ದರೆ, ಯಾವ ಕ್ರಿಮಿ ಎಂದು ಪತ್ತೆಹಚ್ಚುವುದು ನಮಗೆ ಕಷ್ಟ.

ಕೇಳಿದವರಿಗೆಲ್ಲ ನೆನಪಿರುತ್ತದೆ ಎಂದು ನಾನು ನಂಬುವುದಿಲ್ಲ. ನೋವಿನಲ್ಲಿರುವವರ ಗಮನ ಸೂಜಿಯ ಮೇಲಿರುತ್ತದೆ. ಆದ್ದರಿಂದ ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಒಳಗೆ ಕರೆದು, "ಮನೆಗೆ ಹೋಗಿ ಏನು ಮಾಡ್ತೀರಿ ಹೇಳಿ ನೋಡೋಣ" ಎಂದು ಅವರ ಬಾಯಲ್ಲೇ ಹೇಳಿಸುತ್ತೇನೆ. ಕೇಳಿಸಿಕೊಂಡದ್ದು ಎಷ್ಟು, ಬಿಟ್ಟುಹೋದದ್ದು ಎಷ್ಟು ಎಂಬುದು ಆಗ ತಿಳಿಯುತ್ತದೆ.

ಆರಾಮ ಸಿಕ್ಕಿತೆಂದು ತಿಂಗಳು ತಿಂಗಳೂ ಇದೇ ಇಂಜೆಕ್ಷನ್ ಕೇಳುವವರಿದ್ದಾರೆ. ಒಂದೇ ಕೀಲಿಗೆ ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳು ಇರಬೇಕು. ಪದೇ ಪದೇ ಹಾಕಿದರೆ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಪದರ, ಸವೆಯುವ ಭಯವಿದೆ. ಹಾಸನಕ್ಕೋ ಮಂಗಳೂರಿಗೋ ಹೋಗಿ ಬೇರೆ ವೈದ್ಯರಿಗೆ ತೋರಿಸುವುದಾದರೆ, ಯಾವ ಔಷಧಿ, ಯಾವ ಮಂಡಿಗೆ, ಯಾವ ತಾರೀಕು ಎಂದು ಬರೆದುಕೊಟ್ಟ ಚೀಟಿ ತಪ್ಪದೆ ತೆಗೆದುಕೊಂಡು ಹೋಗಿ.